ನಾಯಿಮನೆಯ ಗೇಟಿಗೆ ಬೇವಿನ ಸೊಪ್ಪು

ಮರಳೂರಿನ ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದರೂ ಒಂದೇ ಕಥೆ ಹೇಳುತ್ತಾರೆ. ಆ ನಾಯಿ ನೋಡಿಕೊಳ್ಳೋ ಹುಡುಗಿ ಮನೆಗೆ ರೋಗ ಬಂತು. ನಾಯಿಗಳಿಗೆ ರಕ್ತಭೇದಿ ಹಿಡೀತು. ಡಾಕ್ಟ್ರ ಕೈಲೂ ಆಗಲಿಲ್ಲ. ದೇವರು ಅಂದರೆ ಮೂಗು ಮುರೀತಿದ್ದ ಅವಳೇ ಕೊನೆಗೆ ಗೇಟಿಗೆ ಬೇವಿನ ಸೊಪ್ಪು ಕಟ್ಟಿದಳು. ಅಮ್ಮನೋರು ತಣ್ಣಗಾದರು, ನಾಯಿಗಳು ಉಳಿದವು.

ಬಿಡಿಬಿಡಿಯಾಗಿ ನೋಡಿದರೆ ಇದರಲ್ಲಿ ನಿಜವೇ ಹೆಚ್ಚು. ರೋಗ ಬಂದದ್ದು ನಿಜ. ನಾನು ಮೂಗು ಮುರಿಯುತ್ತಿದ್ದದ್ದು ನಿಜ, ಈಗಲೂ ಮುರಿಯುತ್ತೇನೆ. ಸೊಪ್ಪು ಕಟ್ಟಿದ್ದು ನಾನೇ. ನಾಯಿಗಳು ಉಳಿದವು ಅನ್ನುವುದು ಮಾತ್ರ ಪೂರ್ತಿ ನಿಜವಲ್ಲ, ಅದಕ್ಕೆ ಆಮೇಲೆ ಬರುತ್ತೇನೆ. ಕಾಲೇಜಿನಲ್ಲಿ ನಮ್ಮನ್ನು ಚರ್ಚಾಸ್ಪರ್ಧೆಗೆ ತಯಾರು ಮಾಡುತ್ತಿದ್ದ ಮೇಷ್ಟ್ರು ಒಂದು ಮಾತು ಹೇಳುತ್ತಿದ್ದರು: ಎದುರಾಳಿಯ ಸಂಗತಿಗಳ ಮೇಲೆ ಬೀಳಬೇಡಿ, ಅವನ 'ಆದ್ದರಿಂದ' ಎಲ್ಲಿದೆ ಹುಡುಕಿ, ಅದರ ಮೇಲೆ ಬೀಳಿ. ಸೊಪ್ಪು ಕಟ್ಟಿದಳು, ಆದ್ದರಿಂದ ಉಳಿದವು. ನಾನು ಬೀಳುವುದು ಆ ಒಂದು ಪದದ ಮೇಲೆ.

ಎರಡು ಸಾವಿರದ ದಶಕದ ನಡುವಿನ ಮಾತು. ನಾನಿದ್ದದ್ದು ಅತ್ತೆಯ ಮನೆಯಲ್ಲಿ. ಅತ್ತೆ ಅಂದರೆ ಅಪ್ಪನ ಅಕ್ಕ, ಗುಬ್ಬಿಯಲ್ಲಿ ಬೆಳೆದವರು. ಮನೆ ಅವರದು, ಹಿತ್ತಿಲು ಅವರದು, ಬೊಗಳಾಟ ನನ್ನದು. ಹಿತ್ತಿಲಿನಲ್ಲಿ ಶೀಟು ಹೊದಿಸಿ, ಜಾಲರಿ ಹಾಕಿ ಆರು ಗೂಡು ಮಾಡಿಸಿದ್ದೆ. ಊರಿಗೆ, ಮದುವೆಗೆ, ತಿರುಪತಿಗೆ ಹೊರಟವರು ತಮ್ಮ ನಾಯಿಗಳನ್ನು ನನ್ನ ಹತ್ತಿರ ಬಿಟ್ಟು ಹೋಗುತ್ತಿದ್ದರು. ಬೀದಿಯವರು ಅದಕ್ಕೆ ಇಟ್ಟ ಹೆಸರು 'ನಾಯಿ ಲಾಡ್ಜು'. ಅಣಕಕ್ಕೆ ಇಟ್ಟದ್ದು. ನಾನೂ ಅದನ್ನೇ ಇಟ್ಟುಕೊಂಡೆ.

ರೋಗ ಬಂದ ದಿನ ಗೂಡುಗಳಲ್ಲಿ ಐದು ನಾಯಿಗಳಿದ್ದವು. ಆರನೆಯದನ್ನು ಕುಣಿಗಲ್ಲಿನ ಲಾಯರೊಬ್ಬರು ಕಾರಿನಲ್ಲಿ ತಂದರು. ಬುಟ್ಟಿಯಲ್ಲಿ ಮಲಗಿದ್ದ ಲ್ಯಾಬ್ರಡಾರ್ ಮರಿ, ಎರಡು ತಿಂಗಳು ಮೀರಿರಬಹುದು. ಹೆಸರು ಲಾರ್ಡ್.

"ದಿನಾ ಇನ್ನೊಬ್ಬರ ಮುಂದೆ ತಲೆ ಬಗ್ಗಿಸಿ ಮೈ ಲಾರ್ಡ್ ಅಂದು ಸಾಕಾಗಿದೆ ಕಣಮ್ಮ," ಅಂದರು ಲಾಯರ್. "ನಾನು ಕರೆದರೆ ಬಾಲ ಅಲ್ಲಾಡಿಸ್ಕೊಂಡು ಬರೋ ಲಾರ್ಡ್ ಒಬ್ಬನಾದ್ರೂ ಇರ್ಲಿ ಅಂತ."

ನಾನು ನಕ್ಕೆ. ನಗುವ ಮಾತೇ. ಆಮೇಲೆ ಎಲ್ಲರಿಗೂ ಕೇಳುವುದನ್ನು ಕೇಳಿದೆ. "ಇಂಜೆಕ್ಷನ್ ಆಗಿದ್ಯಾ ಸಾರ್?"

"ಎಲ್ಲಾ ಆಗಿದೆ."

"ಮಂಕಾಗಿದ್ಯಲ್ಲ?"

"ಕಾರಲ್ಲಿ ಬಂದಿದೆಯಲ್ಲ, ತಲೆ ಸುತ್ತಿದೆ. ನೋಡು, ಬುಟ್ಟಿ ಎಷ್ಟು ಕ್ಲೀನಾಗಿ ತಂದಿದೀವಿ."

ಕ್ಲೀನಾಗಿಯೇ ಇತ್ತು. ಫಿನಾಯಿಲ್ ವಾಸನೆ ಹೊಡೆಯುತ್ತಿತ್ತು. ಅತ್ತೆ ಬಾಗಿಲಲ್ಲೇ ಮೂಗಿಗೆ ಸೆರಗು ಹಿಡಿದು, "ಏನೇ ಇದು, ಆಸ್ಪತ್ರೆ ವಾರ್ಡ್ ಬಂದಂಗೈತೆ" ಅಂದರು. ಲಾಯರಿಗೆ ತಿರುಪತಿಗೆ ಹೊತ್ತಾಗಿತ್ತು. ಹೊರಟರು.

ಮಾರನೆಯ ಬೆಳಿಗ್ಗೆ ಮರಿ ಹಳದಿ ನೊರೆ ಕಕ್ಕಿತು. ಮಧ್ಯಾಹ್ನದ ಹೊತ್ತಿಗೆ ಭೇದಿ. ಅದರಲ್ಲಿ ರಕ್ತ. ಆ ವಾಸನೆಯನ್ನು ಒಂದು ಸಲ ಕುಡಿದ ಮೂಗು ಮರೆಯುವುದಿಲ್ಲ. ತುಕ್ಕು ಹಿಡಿದ ಕಬ್ಬಿಣಕ್ಕೆ ಕೊಳೆತ ಮಾಂಸ ಸವರಿದ ಹಾಗೆ.

ನನಗೆ ಗೊತ್ತಿದ್ದ ಪಶುವೈದ್ಯರು ಗುಬ್ಬಿಯಿಂದ ಬೈಕಿನಲ್ಲಿ ಬಂದರು. ರೆಪ್ಪೆ ಎತ್ತಿ ನೋಡಿದರು, ಒಸಡು ಒತ್ತಿ ನೋಡಿದರು, ಕುತ್ತಿಗೆಯ ಚರ್ಮ ಎಳೆದು ಬಿಟ್ಟರು. ಅದು ಎಳೆದಲ್ಲೇ ನಿಂತಿತು.

"ಪಾರ್ವೋ ಇರ್ಬೇಕು."

"ಇರ್ಬೇಕು ಅಂದ್ರೆ? ಹೌದೋ ಅಲ್ವೋ?"

"ನೋಡಮ್ಮ, ಇದು ನಿನ್ನ ಚರ್ಚಾಸ್ಪರ್ಧೆ ಸ್ಟೇಜ್ ಅಲ್ಲ. ಟೆಸ್ಟ್ ಮಾಡ್ಸೋಕೆ ಬೆಂಗಳೂರಿಗೆ ಕಳಿಸಿ ರಿಪೋರ್ಟ್ ಬರೋಷ್ಟರಲ್ಲಿ ಮರಿ ಇರಲ್ಲ. ಹೌದು ಅಂತಲೇ ಇಟ್ಕೊಂಡು ಕೆಲ್ಸ ಶುರು ಮಾಡು."

ಅವರು ಹೇಳಿದ್ದರ ಸಾರ ಇಷ್ಟು. ಪಾರ್ವೋ ಅಂದರೆ ನಾಯಿಮರಿಗಳನ್ನು ಕೊಲ್ಲುವ ಒಂದು ವೈರಸ್ ರೋಗ. ಇದು ಮನುಷ್ಯರಿಗೆ ಅಂಟುವುದಿಲ್ಲ, ಆದರೆ ಮನುಷ್ಯರ ಕಾಲಲ್ಲಿ ಊರು ಸುತ್ತುತ್ತದೆ. ಚಪ್ಪಲಿ, ಬಟ್ಟೆ, ಬಕೆಟ್ಟು, ಇನ್ನೊಂದು ನಾಯಿಯ ರೋಮ, ಏನು ಸಿಕ್ಕಿದರೂ ಸಾಕು. ಮಣ್ಣಿನಲ್ಲಿ ತಿಂಗಳುಗಟ್ಟಲೆ ಕೂತಿರುತ್ತದೆ. ಫಿನಾಯಿಲಿಗೆ ಬಗ್ಗುವುದಿಲ್ಲ, ಬ್ಲೀಚಿಂಗ್ ಪೌಡರಿಗೆ ಬಗ್ಗುತ್ತದೆ. ಇದಕ್ಕೆಂದೇ ಇರುವ ಇಂಜೆಕ್ಷನ್ ಆಗಿರುವ ದೊಡ್ಡ ನಾಯಿಗಳಿಗೆ ಅಷ್ಟು ಭಯವಿಲ್ಲ.

"ಇವಕ್ಕೆಲ್ಲ ಆಗಿದ್ಯಾ?" ಅಂದರು.

ಇಲ್ಲೊಂದು ಪದದ ವಿಷಯ ಹೇಳಲೇಬೇಕು. ನಮ್ಮೂರಲ್ಲಿ ನಾಯಿಗೆ 'ಇಂಜೆಕ್ಷನ್' ಅಂದರೆ ಹುಚ್ಚುನಾಯಿ ರೋಗದ್ದು, ಅಷ್ಟೇ. ಅದನ್ನು ಹಾಕಿಸಿದವರು 'ಎಲ್ಲಾ ಆಗಿದೆ' ಅನ್ನುತ್ತಾರೆ. ಮನುಷ್ಯರನ್ನು ಕಚ್ಚಿದರೆ ಏನಾಗುತ್ತದೆ ಅನ್ನುವ ಹೆದರಿಕೆಗೆ ಇಡೀ ಊರು ಇಂಜೆಕ್ಷನ್ ಹಾಕಿಸುತ್ತದೆ, ನಾಯಿಗೇ ಏನಾದರೂ ಆದರೆ ಅನ್ನುವುದಕ್ಕೆ ಹಾಕಿಸುವವರು ಕಡಿಮೆ. ಎಲ್ಲ ಮಾಲೀಕರಿಗೂ ಫೋನ್ ಮಾಡಿ ಈ ಸಲ 'ಯಾವ ಇಂಜೆಕ್ಷನ್?' ಅಂತ ಕೇಳಿದೆ. ನಾಲ್ಕು ನಾಯಿಗಳಿಗೆ ಎರಡೂ ಆಗಿತ್ತು. ಟೈಗರ್‌ಗೆ ಒಂದೇ ಆಗಿತ್ತು, ಆಗಬೇಕಾದದ್ದು ಆಗಿರಲಿಲ್ಲ.

ಟೈಗರ್ ಹಾಸಿಗೆ ಅಂಗಡಿ ಭಾಯ್ ಅವರ ನಾಯಿ. ಭಾಯ್ ಹತ್ತಿ ಹಾಸಿಗೆ, ನಾರಿನ ಹಾಸಿಗೆ ಹೊಲಿದು ಮಾರುವವರು. ಗೋಡೌನ್ ಕಾಯಲು ಒಂದು ಹೆಣ್ಣುನಾಯಿ ಇತ್ತು. ಅದರ ಹೋದ ಸಲದ ಮರಿ ಈ ಟೈಗರ್, ಇನ್ನೂ ವರ್ಷ ತುಂಬದ ಪುಂಡ. ತಾಯಿ ಮತ್ತೆ ಮರಿ ಹಾಕಿತ್ತು. ಇವನು ಹೋಗಿ ಹೊಸ ಮರಿಗಳ ಮೇಲೆ ಬಿದ್ದು ಹೊರಳಾಡುತ್ತಿದ್ದ. ಹೈದರಾಬಾದಿಗೆ ನೆಂಟರ ಮದುವೆಗೆ ಹೋಗುವಾಗ ತಾಯಿ-ಮರಿಗಳನ್ನು ಗೋಡೌನಿನಲ್ಲೇ ವಾಚ್‌ಮನ್ ಕೈಗೆ ಒಪ್ಪಿಸಿ, ಈ ಪುಂಡನನ್ನು ಮಾತ್ರ ನನ್ನ ಹತ್ತಿರ ಬಿಟ್ಟಿದ್ದರು.

ಹಾಗಾಗಿ ನನ್ನ ಮುಂದೆ ಇದ್ದದ್ದು ಮೂರು ಕೆಲಸ. ಲಾರ್ಡ್‌ನ ಉಳಿಸುವುದು. ಟೈಗರ್‌ಗೆ ಹತ್ತದ ಹಾಗೆ ನೋಡುವುದು. ಆ ಗೋಡೌನಿನ ಕಣ್ಣು ಬಿಡದ ಮರಿಗಳವರೆಗೆ, ಬೀದಿಯ ಮರಿಗಳವರೆಗೆ ಈ ರೋಗ ನನ್ನ ಗೇಟು ದಾಟಿ ಹೋಗದ ಹಾಗೆ ತಡೆಯುವುದು. ಮೂರನೆಯದು ಸುಲಭ ಅಂದುಕೊಂಡಿದ್ದೆ.

ಲಾರ್ಡ್‌ನ ಬಚ್ಚಲುಮನೆಗೆ ಸಾಗಿಸಿದೆ. ಸಿಮೆಂಟ್ ನೆಲ, ತೊಳೆದರೆ ಹೋಗುತ್ತದೆ. ನಮ್ಮ ಸ್ನಾನ ಹಿತ್ತಿಲ ಮೂಲೆಗೆ, ತಡಿಕೆ ಮರೆಗೆ ಹೋಯಿತು. ಬಚ್ಚಲ ಪಕ್ಕದ ನಡುಮನೆಯ ತೊಲೆಯಲ್ಲಿ ಹಳೆಯ ತೊಟ್ಟಿಲ ಕೊಂಡಿ ಇತ್ತು. ಡ್ರಿಪ್ ಬಾಟಲಿ ಹಾಕುವ ಹೊತ್ತಿಗೆ ಮರಿಯನ್ನು ಗೋಣಿಯ ಮೇಲೆ ಬಾಗಿಲ ಹತ್ತಿರ ತಂದು, ಬಾಟಲಿಯನ್ನು ಆ ಕೊಂಡಿಗೆ ತೂಗುಹಾಕುತ್ತಿದ್ದೆವು. ಮುಂಗಾಲಿಗೆ ಸೂಜಿ ಚುಚ್ಚಿ ಕೊಡುವುದು ಡಾಕ್ಟ್ರು, ಹನಿ ಎಣಿಸುತ್ತಾ ಕೂರುವುದು ನಾನು. ಬಾಯಿಗೆ ಏನೂ ಹಾಕಬೇಡ ಅಂದಿದ್ದರು, ವಾಂತಿ ನಿಲ್ಲುವ ತನಕ ನೀರು ಕೂಡ ಇಲ್ಲ. ಅತ್ತೆಗೆ ಅದು ಹಿಂಸೆ. "ಒಂದು ತೊಟ್ಟು ಗಂಜಿನೀರು ಬುಡೇ, ಪಾಪ" ಅಂತ ಲೋಟ ಹಿಡಿದು ನಿಲ್ಲುವರು. ಲೋಟ ಕಿತ್ತು ನಾನೇ ಕುಡಿದುಬಿಡುತ್ತಿದ್ದೆ.

ಉಳಿದ ಗೂಡುಗಳ ಕೆಲಸ ಮೊದಲು, ಟೈಗರ್‌ದು ಎಲ್ಲಕ್ಕಿಂತ ಮೊದಲು, ಲಾರ್ಡ್‌ದು ಕೊನೆಗೆ. ಈ ಕ್ರಮ ಯಾವತ್ತೂ ತಿರುಗಾಮುರುಗಾ ಆಗುವ ಹಾಗಿಲ್ಲ. ಬಚ್ಚಲಿಗೆ ಬೇರೆ ಚಪ್ಪಲಿ, ಬೇರೆ ನೈಟಿ, ಬೇರೆ ಬಕೆಟ್ಟು. ಬ್ಲೀಚಿಂಗ್ ಪೌಡರನ್ನು ನೀರಿಗೆ ಕಲಸಿ, ಬಟ್ಟೆಯಲ್ಲಿ ಸೋಸಿ, ಆಗಿಂದಾಗ್ಗೆ ಹೊಸದು ಮಾಡಬೇಕು. ಬೆಳಿಗ್ಗೆಯದು ಸಂಜೆಗೆ ಸಪ್ಪೆ. ಕೊಳೆಯ ಮೇಲೆ ಸುರಿದರೆ ಕೊಳೆಯೇ ಅದನ್ನು ತಿಂದುಹಾಕುತ್ತದೆ, ಆದ್ದರಿಂದ ಮೊದಲು ಸೋಪುನೀರಲ್ಲಿ ಉಜ್ಜಿ, ಆಮೇಲೆ ಇದನ್ನು ಸುರಿದು, ಸುಮ್ಮನೆ ಒಂದಷ್ಟು ಹೊತ್ತು ಬಿಡಬೇಕು. (ಈ 'ಆದ್ದರಿಂದ' ಗಟ್ಟಿ. ಬೇಕಾದರೆ ಯಾರಾದರೂ ಬಿದ್ದು ನೋಡಲಿ.) ಬಚ್ಚಲ ನೀರು ಬೀದಿ ಚರಂಡಿಗೆ ಸೇರುವ ತೂತಿಗೆ ಬಟ್ಟೆ ಗಿಡಿದು, ಒಳಗೇ ಬ್ಲೀಚಿಂಗ್ ಹಾಕಿ ನಿಲ್ಲಿಸಿ ಆಮೇಲೆ ಬಿಡುತ್ತಿದ್ದೆ. ಬೀದಿನಾಯಿಗಳು ಆ ಚರಂಡಿಯ ನೀರನ್ನೇ ನೆಕ್ಕುವುದು. ಗೋಣಿಗಳನ್ನು ಸುಟ್ಟೆ. ಲಾಯರ ಬುಟ್ಟಿಯನ್ನೂ ಸುಟ್ಟೆ. ಬೆಂಕಿಯಲ್ಲೂ ಅದು ಮೊದಲು ಫಿನಾಯಿಲ್ ವಾಸನೆಯನ್ನೇ ಬಿಟ್ಟಿತು.

ಇಷ್ಟು ಮಾಡುವಾಗ ಗೇಟಿಗೆ ಒಂದು ರಟ್ಟು ಕಟ್ಟಿದ್ದೆ. ದಪ್ಪ ಅಕ್ಷರದಲ್ಲಿ, 'ನಾಯಿಗಳಿಗೆ ಅಂಟುರೋಗ. ಯಾರೂ ಒಳಗೆ ಬರಬೇಡಿ.'

ಇಡೀ ಬೀದಿ ಬಂತು.

ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ. ಏನು ರೋಗ, ಯಾವ ನಾಯಿಗೆ, ಹುಚ್ಚಾ, ನಮಗೂ ಬರುತ್ತಾ ಅಂತ ಕೇಳಿಕೊಂಡು ಗೇಟಿನ ಒಳಗೆ ಬಂದು ನಿಂತರು. 'ಬರಬೇಡಿ' ಅಂತ ಬರೆದದ್ದನ್ನು ನನಗೇ ಜೋರಾಗಿ ಓದಿ ಹೇಳಿದವರೂ ಇದ್ದರು, ಒಳಗೆ ನಿಂತುಕೊಂಡು. ಹಾಲಿನವನು ಎಂದಿನಂತೆ ಅಡುಗೆಮನೆ ಬಾಗಿಲ ತನಕ ಬಂದ. "ನಾನೇನು ನಾಯಿನಾ ಅಕ್ಕ?" ಅಂದ. ಮಕ್ಕಳ ಕ್ರಿಕೆಟ್ ಬಾಲು ಹಿತ್ತಿಲಿಗೆ ಬಿತ್ತು, ಕಾಂಪೌಂಡ್ ಹಾರಿ ಬಂದು ತಗೊಂಡು ಹೋದರು.

ಮಾಲೀಕರ ಕಥೆ ಇನ್ನೂ ಚೆನ್ನ. ನಾನು ಫೋನಿನಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿದ್ದೆನಲ್ಲ, ಅದರ ಫಲ. ಕೋರ ಅನ್ನುವ ಊರಲ್ಲಿ ತೋಟ ಇದ್ದ ಒಬ್ಬರ ಆಲ್ಸೇಷಿಯನ್ ನನ್ನ ಹತ್ತಿರ ಇತ್ತು. ಅವರು ಮಾರನೆಯ ದಿನವೇ ಜೀಪಿನಲ್ಲಿ ಬಂದಿಳಿದರು.

"ನನ್ನ ನಾಯಿ ಬಿಡಮ್ಮ."

"ಅದಕ್ಕೇನೂ ಆಗಿಲ್ಲ ಸಾರ್. ಆದ್ರೆ ಅದರ ಮೈಮೇಲೆ ರೋಗ ಇರಬಹುದು. ಈಗ ತಗೊಂಡು ಹೋದ್ರೆ ನಿಮ್ಮೂರಿನ ಮರಿಗಳಿಗೆಲ್ಲ ಹಂಚಿಬಿಡುತ್ತೆ."

"ಏನೂ ಆಗಿಲ್ಲ ಅಂತೀಯ, ರೋಗ ಇದೆ ಅಂತೀಯ. ಎರಡ್ರಲ್ಲಿ ಒಂದು ಹೇಳು."

"ಎರಡೂ ನಿಜ."

"ನಿನ್ನ ಹತ್ರ ವಾದ ಮಾಡೋಕೆ ಬಂದಿಲ್ಲ ನಾನು," ಅಂದವರೇ ಗೂಡಿನ ಚಿಲಕ ತೆಗೆದು, ನಾಯಿಯನ್ನು ಎಳೆದುಕೊಂಡು ಹೋಗಿ ಜೀಪು ಹತ್ತಿಸಿದರು. ನಾನು ಜೀಪಿನ ಹಿಂದೆ ಬ್ಲೀಚಿಂಗ್ ಬಕೆಟ್ ಹಿಡಿದು ಓಡಿದೆ. ಚಕ್ರಕ್ಕೆ ಎರಚಿದೆ. ಬೀದಿ ನಕ್ಕಿತು. ಸಂಜೆ ಅವರ ಮನೆಗೆ ಫೋನ್ ಮಾಡಿ, ನಾಯಿಯನ್ನು ಮರಿಗಳಿಲ್ಲದ ಕಡೆ ಕಟ್ಟಿಹಾಕಿ ಅಂತ ಅವರ ಹೆಂಡತಿಗೆ ಹೇಳಿದೆ. ಆಕೆ ಕಟ್ಟಿಹಾಕಿದರಂತೆ.

ಅವತ್ತು ಸಂಜೆಯೇ ಎದುರುಮನೆಯಾಕೆ ಬಂದರು. ನಮ್ಮ ಹಿತ್ತಿಲಲ್ಲಿ ಕರಿಬೇವಿನ ಗಿಡ ಇತ್ತು, ಬೀದಿಯ ಅರ್ಧ ಒಗ್ಗರಣೆ ಅಲ್ಲಿಂದಲೇ ಹೋಗುತ್ತಿದ್ದದ್ದು. ಗೇಟು ತಳ್ಳಿಕೊಂಡು, ರಟ್ಟನ್ನು ಪಕ್ಕಕ್ಕೆ ಸರಿಸಿಕೊಂಡು, "ನಾಯಿ ರೋಗ ನಾಯಿಗೆ ಬುಡು, ಎರಡೆಳೆ ಕರಿಬೇವು ಕಿತ್ಕೊಂಡು ಹೋಗ್ತೀನಿ" ಅಂತ ಟೈಗರ್‌ನ ಗೂಡಿನ ಪಕ್ಕದಲ್ಲೇ ಹಾದು ಹೋದರು. ಅವರ ಮನೆಯಲ್ಲೂ ಒಂದು ಪುಟ್ಟ ಪಾಮರೇನಿಯನ್ ಇತ್ತು.

ಕರಿಬೇವು ಅಂದ ಆ ಬಾಯಿಗೆ ಬೇವು ತೋರಿಸಬೇಕು ಅನ್ನಿಸಿತು. ಅನ್ನಿಸಿದ ಕೂಡಲೇ ಇನ್ನೊಂದು ನೆನಪಾಯಿತು. ಚಿಕ್ಕವಳಿದ್ದಾಗ ಗುಬ್ಬಿಯಲ್ಲಿ ನನಗೆ ಮೈತುಂಬ ಗುಳ್ಳೆ ಎದ್ದಿದ್ದವು, 'ಅಮ್ಮ ಆಗಿದೆ' ಅಂದರು. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದರು, ಅಷ್ಟೇ. ಯಾರಿಗೂ ಯಾರೂ ಏನೂ ಹೇಳಲಿಲ್ಲ, ಬೀದಿ ತಾನಾಗಿ ಹಿಂದೆ ಸರಿಯಿತು. ನೆಂಟರು ಬಾಗಿಲಿಂದಲೇ ವಾಪಸ್. ಸಾಲ ಕೇಳುವವನೂ ಬರಲಿಲ್ಲ. ನಮ್ಮ ಮನೆಯಿಂದ ಉಪ್ಪು, ಬೆಂಕಿ, ಪಾತ್ರೆ, ಯಾವುದೂ ಹೊರಗೆ ಹೋಗಲಿಲ್ಲ. ಆ ಸೊಪ್ಪು ನನ್ನ ಗುಳ್ಳೆಗೆ ಏನು ಮಾಡಿತೋ ನಾನು ಕಾಣೆ. ಬೀದಿಯ ಬೇರೆ ಮಕ್ಕಳನ್ನು ನನ್ನಿಂದ ದೂರ ಇಟ್ಟದ್ದಂತೂ ಕಣ್ಣಾರೆ ಕಂಡದ್ದು.

ಒಳಗೆ ಹೋಗಿ ಅತ್ತೆಗೆ ಹೇಳಿದೆ. "ಗೇಟಿಗೆ ಬೇವಿನ ಸೊಪ್ಪು ಕಟ್ತೀನಿ."

"ಯಾರಿಗೆ ಅಮ್ಮ ಆಗೈತೆ?"

"ಯಾರಿಗೂ ಇಲ್ಲ. ಜನ ಬರದೇ ಇರ್ಲಿ ಅಂತ."

ಅತ್ತೆ ಕೈಯಲ್ಲಿದ್ದ ಸೌಟು ಕೆಳಗಿಟ್ಟರು. "ಏನ್ಲೇ, ಅಮ್ಮನೋರೇನು ನಿನ್ನ ಗೇಟ್ ಕಾಯೋ ವಾಚ್‌ಮನ್ನಾ?"

"ನಾನು ಅಮ್ಮ ಬಂದಿದೆ ಅಂತ ಎಲ್ಲಿ ಹೇಳ್ತೀನಿ? ಸೊಪ್ಪು ಕಟ್ತೀನಿ ಅಷ್ಟೆ. ಯುಗಾದಿಗೆ ಕಟ್ಟಲ್ವಾ?"

"ಯುಗಾದಿಗೆ ಮಾವಿನ ಸೊಪ್ಪಿನ ಜೊತೆ ಕಟ್ತಾರೆ. ಬರೀ ಬೇವು ಕಟ್ಟಿದ್ರೆ ಏನು ಅಂತ ನಿಂಗೂ ಗೊತ್ತು, ಬೀದಿಗೂ ಗೊತ್ತು. ಬಾಯಿ ಬಿಟ್ಟು ಹೇಳಿದ್ರೆ ಮಾತ್ರ ಸುಳ್ಳಾ? ನಂಬೋರು ಕಟ್ಲಿ, ಬೇಡ ಅನ್ನಲ್ಲ. ನೀನು ನಂಬಲ್ಲ."

ವಿಚಿತ್ರ ನೋಡಿ. ನಂಬುವವರು ಬೇಡ ಅನ್ನುತ್ತಿದ್ದರು, ನಂಬದವಳು ಕಟ್ಟುತ್ತೇನೆ ಅಂತ ಹಠ ಹಿಡಿದಿದ್ದೆ.

"ಸರಿ ಅತ್ತೆ, ಅಮ್ಮ ಅಂದ್ರೆ ಏನು ಹೇಳಿ. ಮನೆಗೊಂದು ರೋಗ ಬಂದಿದೆ, ಒಬ್ಬರಿಂದ ಒಬ್ಬರಿಗೆ ಹತ್ತುತ್ತೆ, ಹೊರಗಿನೋರು ಒಳಗೆ ಬರಬಾರ್ದು, ಒಳಗಿಂದು ಹೊರಗೆ ಹೋಗಬಾರ್ದು. ಇಷ್ಟೇ ತಾನೆ? ಇಷ್ಟೂ ನಮ್ಮನೇಲಿದೆ. ಇದ್ರಲ್ಲಿ ಸುಳ್ಳು ಯಾವ್ದು?"

"ನಾಯಿಗೆ ಅಮ್ಮ ಆಗುತ್ತೇನೇ?"

"ಕೋಳಿಗೆ ಆದ್ರೆ ಅಮ್ಮ ಅಂತೀರಲ್ಲ? ಕೋಳಿಗಿಂತ ನಾಯಿ ಕಡಿಮೆನಾ?"

ಅತ್ತೆ ಕೆಳಗಿಟ್ಟ ಸೌಟನ್ನು ಮತ್ತೆ ಎತ್ತಿಕೊಂಡರು. ಸೋತದ್ದಲ್ಲ, ಷರತ್ತು ಹುಡುಕುತ್ತಿದ್ದರು. "ಕಟ್ತೀಯಾ, ಕಟ್ಟು. ಆದ್ರೆ ಇದು ನನ್ನ ಮನೆ. ಕಟ್ಟಿದ ಮೇಲೆ ಪೂರ್ತಿ ನಡೀಬೇಕು. ಒಗ್ಗರಣೆ ಹಾಕಂಗಿಲ್ಲ, ಮಾಂಸ ಮೀನು ಇಲ್ಲ, ತಲೆ ಬಾಚಂಗಿಲ್ಲ. ಸೊಪ್ಪು ಮಾತ್ರ ಬೇಕು, ನೇಮ ಬೇಡ ಅಂದ್ರೆ ಈಗ್ಲೇ ಹೇಳು."

ಒಪ್ಪಿದೆ. ಬೀದಿ ಕೊನೆಯ ಮರದಿಂದ ಎರಡು ದೊಡ್ಡ ಕೊಂಬೆ ತರಿದು ತಂದು, ರಟ್ಟು ಕಿತ್ತೆಸೆದು, ಗೇಟಿನ ಎರಡೂ ಕಂಬಕ್ಕೆ ಕಟ್ಟಿದೆ.

ಹಾಲಿನವನು ಹಾಲನ್ನು ಗೇಟಿನ ಹೊರಗಿನ ಕಲ್ಲಿನ ಮೇಲೆ ಇಟ್ಟು, ಬೆಲ್ ಹೊಡೆದು, ಹಿಂದೆ ನೋಡದೆ ಸೈಕಲ್ ತುಳಿದ. ಕರಿಬೇವಿಗೆ ಯಾರೂ ಬರಲಿಲ್ಲ. ಮಕ್ಕಳ ಬಾಲು ಮತ್ತೆ ಹಿತ್ತಿಲಿಗೆ ಬಿತ್ತು. ಈ ಸಲ ಅಲ್ಲೇ ಉಳಿಯಿತು, ಸೊಪ್ಪು ತೆಗೆಯುವ ತನಕ ಒಂದೇ ಕಡೆ, ಹುಲ್ಲಿನ ಮೇಲೆ ಕೆಂಪಗೆ. ಎಷ್ಟೋ ವೇದಿಕೆಗಳಲ್ಲಿ ಮೂಢನಂಬಿಕೆ ವಿರುದ್ಧ ಮಾತಾಡಿ ಬಹುಮಾನದ ಕಪ್ಪು ತಂದವಳು ನಾನು, ಅಡುಗೆಮನೆಯಲ್ಲಿ ಒಗ್ಗರಣೆ ಇಲ್ಲದ ಸಾರು ಉಣ್ಣುತ್ತಾ ಆ ಬಾಲನ್ನು ನೋಡುತ್ತಿದ್ದೆ. ನನ್ನ ಮಾತು ಕೇಳದ ಕಾಲುಗಳು ಸೊಪ್ಪಿನ ಮಾತು ಕೇಳುತ್ತಿದ್ದವು. ಬೇಜಾರಾಯಿತಾ? ಆಗಲಿಲ್ಲ. ನಿಲ್ಲಬೇಕಾದದ್ದು ಕಾಲು. ನಿಂತಿತು.

ಆದರೆ ಸೊಪ್ಪು ಕಟ್ಟುವ ಮೊದಲೇ ಆಗಬೇಕಾದದ್ದು ಆಗಿಹೋಗಿತ್ತು. ಲಾರ್ಡ್‌ನ ವಾಂತಿ ನಿಂತು, ಒಂದು ಚಮಚ ನೀರು ಹೊಟ್ಟೆಯಲ್ಲಿ ಉಳಿಯಿತು ಅಂತ ಅತ್ತೆ ಕೈ ಮುಗಿದ ದಿನವೇ ಟೈಗರ್ ಅನ್ನ ಮುಟ್ಟಲಿಲ್ಲ. ಅನ್ನದ ತಟ್ಟೆ ಇಡುವ ಮೊದಲೇ ಅದರೊಳಗೆ ಮೂತಿ ತೂರಿಸುವ ನಾಯಿ, ಗೋಡೆಗೆ ಮುಖ ಮಾಡಿ ಮಲಗಿತ್ತು.

ಭಾಯ್ ಮದುವೆ ಮುಗಿಸಿ ಬಸ್ಸಿಳಿದು ನೇರವಾಗಿ ನಮ್ಮನೆಗೇ ಬಂದರು. ಸೊಪ್ಪು ಕಂಡು ರಸ್ತೆ ಮಧ್ಯದಲ್ಲೇ ನಿಂತರು.

"ಯಾರಿಗೆ ಮೇಡಂ? ಅತ್ತೆಯೋರಿಗಾ?"

"ನಾಯಿಗಳಿಗೆ ಭಾಯ್."

ಅವರು ಸೊಪ್ಪನ್ನು ನೋಡಿದರು, ನನ್ನನ್ನು ನೋಡಿದರು. "ಅಚ್ಛಾ. ಇದು ಬೋರ್ಡು."

"ಹೌದು, ಬೋರ್ಡು."

"ಕನ್ನಡದಲ್ಲಿ ಬರೆದಿದ್ರೆ ಆಗ್ತಿತ್ತಲ್ಲ."

"ಬರೆದಿದ್ದೆ. ಓದೋಕೆ ಅಂತ ಬೀದಿಯೆಲ್ಲ ಒಳಗೆ ಬಂತು."

ನಕ್ಕರು. ಬೀದಿಯಲ್ಲಿ ಆ ಸೊಪ್ಪನ್ನು ಸರಿಯಾಗಿ ಓದಿದವರು ಅವರೊಬ್ಬರೇ. ನಗು ಮುಗಿದ ಮೇಲೆ, "ಟೈಗರ್‌ನ ಕೊಡಿ, ಹೋಗ್ತೀನಿ" ಅಂದರು.

"ಕೊಡಲ್ಲ ಭಾಯ್. ಅವನಿಗೂ ಹತ್ತಿದೆ."

"ಅದಕ್ಕೇ ಕೊಡಿ ಅಂದೆ. ನನ್ನ ಹತ್ರ ಇರ್ತಾನೆ."

"ಗೋಡೌನಲ್ಲಿ ಅವನ ತಾಯಿ ಮರಿ ಮಲಗಿಸ್ಕೊಂಡಿದೆ. ಇವನು ಹೋದ್ರೆ ಅಷ್ಟೂ ಹೋಗ್ತವೆ. ನೀವು ಒಳಗೆ ಬಂದು ಮುಟ್ಟಿ ಹೋದ್ರೂ ಅಷ್ಟೇ. ನಿಮ್ಮ ಚಪ್ಪಲಿ ಸಾಕು, ನಿಮ್ಮ ಪ್ಯಾಂಟ್ ಸಾಕು."

"ಮನೇಲಿ ಇಟ್ಕೋತೀನಿ, ಗೋಡೌನ್‌ಗೆ ಹೋಗಲ್ಲ."

"ನೀವು ಗೋಡೌನ್‌ಗೆ ಹೋಗದೇ ಇರ್ತೀರಾ?"

ಅವರ ಅನ್ನವೇ ಗೋಡೌನಿನಲ್ಲಿತ್ತು. ಮುಖ ಕೆಂಪಾಯಿತು. "ನಾನು ಊರಿಗೆಲ್ಲ ಹಾಸಿಗೆ ಹೊಲಿಯೋನು. ನನ್ನ ನಾಯಿ ನಿಮ್ಮನೇಲಿ ಗೋಣಿ ಮೇಲೆ ಮಲಗಿ ಸಾಯ್ಬೇಕಾ?"

"ಸಾಯುತ್ತೆ ಅಂತ ನಾನು ಹೇಳ್ಲಿಲ್ಲ."

"ಬದುಕುತ್ತೆ ಅಂತಾನೂ ಹೇಳ್ಲಿಲ್ಲ ನೀವು."

ಹೌದು, ಹೇಳಿರಲಿಲ್ಲ.

ಗೇಟಿಗೆ ಬೀಗ ಇರಲಿಲ್ಲ. ತಳ್ಳಿದ್ದರೆ ತೆರೆಯುತ್ತಿತ್ತು. ಕೋರದವರು ತಳ್ಳಿದ ಹಾಗೆ ತಳ್ಳಿದ್ದರೆ ನಾನು ತಡೆಯುತ್ತಿದ್ದದ್ದು ಅಷ್ಟರಲ್ಲೇ ಇದೆ. ಅವರು ತಳ್ಳಲಿಲ್ಲ. ಹೊರಟುಹೋದರು. ಸಂಜೆಗೆ ತಿರುಗಿ ಬಂದರು, ಕಂಕುಳಲ್ಲಿ ಒಂದು ಪುಟ್ಟ ಹಾಸಿಗೆ. ತೊಟ್ಟಿಲ ಅಳತೆಯದು, ಹೊಸ ಹತ್ತಿ, ನೀಲಿ ಪಟ್ಟೆ ಬಟ್ಟೆ, ನಡುವೆ ಗುಂಡಿ ಹಾಕಿ ಬಿಗಿದದ್ದು.

"ಇದು ಒಳಗೆ ಬರಬಹುದಾ ಮೇಡಂ?"

"ಒಳಗೆ ಬರಬಹುದು. ಹೊರಗೆ ಹೋಗಂಗಿಲ್ಲ."

"ಹೊರಗೆ ಯಾಕೆ, ಅವನಿಗೇ ಹೊಲಿದಿದ್ದು" ಅಂತ ಗೇಟಿನ ಮೇಲಿಂದ ಇಳಿಬಿಟ್ಟರು.

ಟೈಗರ್‌ನ ಅದರ ಮೇಲೆ ಮಲಗಿಸಿ, ಗೇಟು ಕಾಣುವ ಹಾಗೆ ಒಳಗಿನ ಜಗಲಿಗೆ ತಂದೆ. ಡ್ರಿಪ್ ಬಾಟಲಿ ಹಿಡಿದು ಅತ್ತೆ ನಿಂತರು. ಒಗ್ಗರಣೆಯನ್ನೂ ಬಿಟ್ಟು ದೇವಿಯ ನೇಮ ಹಿಡಿದಿದ್ದ ಅತ್ತೆ, ಒಂದು ಕೈ ಸೋತರೆ ಇನ್ನೊಂದು ಕೈಗೆ ಬದಲಾಯಿಸುತ್ತಾ. ಭಾಯ್ ರಸ್ತೆಯ ಆ ಬದಿಯಿಂದ ಅವನಿಗೆ ಉರ್ದುವಿನಲ್ಲಿ ಏನೋ ಬೈಯುತ್ತಿದ್ದರು. ಬೈಗುಳವೇ, ದನಿಯಲ್ಲಿ ಗೊತ್ತಾಗುತ್ತಿತ್ತು. 'ಕಂಬಖ್ತ್' ಅನ್ನುವ ಒಂದು ಪದ ಪದೇ ಪದೇ. ಅದಕ್ಕೆ ಟೈಗರ್‌ನ ಬಾಲ ಹಾಸಿಗೆಯ ಮೇಲೆ ಸ್ವಲ್ಪ ಸ್ವಲ್ಪ ಬಡಿಯುತ್ತಿತ್ತು.

ಲಾರ್ಡ್ ಗಂಜಿ ಕುಡಿಯುವ ಹಾಗಾದ. ಟೈಗರ್ ಆಗಲಿಲ್ಲ. ಅದೇ ಡಾಕ್ಟ್ರು, ಅದೇ ಬಾಟಲಿ, ಅದೇ ಔಷಧಿ. ಒಂದಕ್ಕೆ ನಾಟಿತು, ಇನ್ನೊಂದಕ್ಕೆ ನಾಟಲಿಲ್ಲ. ಯಾಕೆ ಅಂತ ಡಾಕ್ಟ್ರನ್ನು ಕೇಳಿದೆ. "ಎಲ್ಲಕ್ಕೂ 'ಯಾಕೆ' ಅಂತ ಇರಲ್ಲಮ್ಮ," ಅಂದರು. ಒಪ್ಪಲಿಲ್ಲ. 'ಯಾಕೆ' ಇರುತ್ತದೆ, ನಮಗೆ ಗೊತ್ತಿರುವುದಿಲ್ಲ. ಅವೆರಡೂ ಬೇರೆ.

ಹಿತ್ತಿಲಲ್ಲಿ ಆಳವಾಗಿ ತೋಡಿಸಿ, ಬ್ಲೀಚಿಂಗ್ ಪೌಡರ್ ಸುರಿದು, ಟೈಗರ್‌ನ ಹೂತೆವು. ಹಾಸಿಗೆಯನ್ನು ಸುಟ್ಟೆ. ಹೊಸ ಹತ್ತಿ ಬೇಗ ಉರಿಯಿತು. ಭಾಯ್ ಗೇಟಿನ ಹೊರಗೇ ನಿಂತಿದ್ದರು.

"ಕೊಡದೇ ಇದ್ದದ್ದು ಸರಿ ಅಂತ ಈಗಲೂ ಅಂತೀರಾ?"

"ಅಂತೀನಿ ಭಾಯ್."

ತಲೆ ಆಡಿಸಿದರು. ಹೌದು ಅಂತಲೋ, ಸಾಕು ಅಂತಲೋ, ನನಗೆ ತಿಳಿಯಲಿಲ್ಲ. ಆ ಸಲದ ಗೋಡೌನಿನ ಮರಿ ಒಂದೂ ಸಾಯಲಿಲ್ಲ. ಎದುರುಮನೆಯ ಪಾಮರೇನಿಯನ್ ಸಾಯಲಿಲ್ಲ. ಕೋರದಿಂದಲೂ ಕೆಟ್ಟ ಸುದ್ದಿ ಬರಲಿಲ್ಲ. ರೋಗ ನನ್ನ ಗೇಟಿನೊಳಗೇ ಹುಟ್ಟಡಗಿತು. ಸೊಪ್ಪು ವೈರಸ್ಸಿಗೆ ಏನೂ ಮಾಡಲಿಲ್ಲ, ಮನುಷ್ಯರಿಗೆ ಮಾಡಿತು. ನನ್ನ 'ಆದ್ದರಿಂದ' ಇದು. ಯಾರಿಗಾದರೂ ತಕರಾರಿದ್ದರೆ ಬರಲಿ.

ಡಾಕ್ಟ್ರು ಸಾಕು ಅಂದ ಮೇಲೆ ಸೊಪ್ಪು ಬಿಚ್ಚಿದೆ. ಅತ್ತೆ ಮೊಸರನ್ನ ಮಾಡಿ ಮಾರಮ್ಮನ ಗುಡಿಗೆ ಕೊಟ್ಟು ಬಂದರು. ನಾನು ಬೇಡ ಅನ್ನಲಿಲ್ಲ. ಪೂರ್ತಿ ನಡೀಬೇಕು ಅನ್ನುವುದು ಕರಾರು. ಸೊಪ್ಪು ಇಳಿದದ್ದೇ ತಡ ಬೀದಿ ಮತ್ತೆ ಗೇಟಿಗೆ ಬಂತು, ಹಾಲಿನವನು, ಕರಿಬೇವಿನವರು, ಬಾಲಿನವರು. ಅದೇ ಹೊತ್ತಿಗೆ ಲಾಯರ ಕಾರೂ ಬಂತು. ತಿರುಪತಿಯಿಂದ ಯಾವಾಗಲೋ ಬಂದಿದ್ದರೂ, ಸೊಪ್ಪು ಇರುವ ತನಕ ಬರುವುದಿಲ್ಲ ಅಂತ ಫೋನಿನಲ್ಲಿ ಹೇಳಿದ್ದರು.

ಲಾರ್ಡ್ ಎಲುಬು ಕಾಣುತ್ತಿದ್ದರೂ ಓಡಿ ಹೋಗಿ ಅವರ ಬೂಟು ನೆಕ್ಕಿದ. ಲಾಯರ ಕಣ್ಣಲ್ಲಿ ನೀರು ಬಂತು, ಅದು ನಾಟಕವಲ್ಲ. ಒಣಗಿ ಬಿದ್ದಿದ್ದ ಬೇವಿನ ಕೊಂಬೆಯನ್ನು ಕಣ್ಣಿಗೊತ್ತಿಕೊಂಡು, ಬೀದಿಗೆಲ್ಲ ಕೇಳುವ ಹಾಗೆ ಅಂದರು, "ಅಮ್ಮನೋರು ಕೊಟ್ಟ ಕಾಯಿಲೆ, ಅಮ್ಮನೋರೇ ತೆಗೆದ್ರು. ಮನುಷ್ಯರು ಮಧ್ಯ ಏನು ಮಾಡೋಕಾಗುತ್ತೆ?"

ಎಲ್ಲರೂ ಹೌದು ಹೌದು ಅಂದರು. ಆ ಕಥೆ ಹುಟ್ಟಿದ್ದು ಅಲ್ಲಿ, ಆ ಬಾಯಲ್ಲಿ. ಅದು ಯಾರಿಗೆ ಅನುಕೂಲ ಅಂತ ಬೀದಿ ಕೇಳಲಿಲ್ಲ. ದೇವಿ ತಂದ ರೋಗಕ್ಕೆ ತಂದವರು ಬೇರೆ ಇರುವುದಿಲ್ಲ. ಡಾಕ್ಟ್ರು ನನಗೆ ಆಗಲೇ ಹೇಳಿದ್ದರು, ಈ ರೋಗ ಒಳಗೆ ಸೇರಿ ಹೊರಗೆ ಕಾಣಿಸಿಕೊಳ್ಳಲು ಕೆಲವು ದಿನ ಬೇಕು, ಬಂದ ಮಾರನೆಯ ದಿನವೇ ಬಿದ್ದ ಮರಿ ನಮ್ಮನೆಯಲ್ಲಿ ಹಿಡಿಸಿಕೊಂಡದ್ದಲ್ಲ. ನಾನು ಕಟ್ಟಿದ ಸೊಪ್ಪನ್ನೇ ಕೈಯಲ್ಲಿ ಹಿಡಿದು ಲಾಯರ್ ಪಾರಾಗುತ್ತಿದ್ದರು.

ಗೇಟಿನ ಪಕ್ಕದ ಬಕೆಟ್ಟಿನಲ್ಲಿ, ಬ್ಲೀಚಿಂಗ್ ನೀರಿನಲ್ಲಿ, ಟೈಗರ್‌ನ ಸರಪಳಿ ನೆನೆಯುತ್ತಿತ್ತು. ಭಾಯ್ ಅವರಿಗೆ ವಾಪಸ್ ಕೊಡಬೇಕಾಗಿದ್ದ ಒಂದೇ ವಸ್ತು. ನಾನು ಅದನ್ನು ಎತ್ತಿ ಹಿಡಿದುಕೊಂಡೇ, ಎಲ್ಲರ ಮುಂದೆ, ಲಾಯರನ್ನು ಒಂದು ಮಾತು ಕೇಳಿದೆ. ಲಾಯರ್ ಸರಪಳಿಯನ್ನು ನೋಡಿದರು. ಮರಿಯನ್ನು ಎತ್ತಿಕೊಂಡು ಕಾರು ಹತ್ತಿ, ಗಾಜು ಏರಿಸಿದರು. ಕುಣಿಗಲ್ ಏನು ದೂರವಲ್ಲ, ಆಮೇಲೂ ಎಷ್ಟೋ ಸಲ ಎದುರು ಸಿಕ್ಕಿದ್ದಾರೆ. ಸಿಕ್ಕಾಗೆಲ್ಲ ಅಮ್ಮನೋರ ಮಹಿಮೆ ಹೇಳುತ್ತಾರೆ, ಇದಕ್ಕೆ ಮಾತ್ರ ಉತ್ತರ ಹೇಳುವುದಿಲ್ಲ. ಮತ್ತೆ ಕೇಳುತ್ತೇನೆ.

ಸಾರ್, ಮರಿಗೆ ಏನೂ ಆಗಿಲ್ಲದಿದ್ದರೆ, ಅದನ್ನು ತರುವ ಮೊದಲು ಆ ಬುಟ್ಟಿಯನ್ನು ಫಿನಾಯಿಲ್ ಹಾಕಿ ತೊಳೆದದ್ದು ಯಾಕೆ?